ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದ ಕಂಪ್ಯೂಟರ್

ಮಕ್ಕಳೇ, ಈ ವಾರದ ಪ್ರಶ್ನೆ ಚಿಕ್ಕದು. ಮನೆಗೆ ಹೊಸ ಕಂಪ್ಯೂಟರ್ ಬರುತ್ತದೆ. ಅಪ್ಪ ವೈ-ಫೈ ಪಾಸ್‌ವರ್ಡ್ ಒತ್ತುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಇಂಟರ್ನೆಟ್ಟಿಗೆ ಹೋಗಿಬಿಡುತ್ತದೆ. ಅದೇ ವೈ-ಫೈನಲ್ಲಿ ಅಜ್ಜಿಯ ಫೋನಿದೆ, ಟಿ.ವಿ. ಇದೆ, ಅಕ್ಕನ ಟ್ಯಾಬ್ ಇದೆ. ಇಷ್ಟು ಜನರ ನಡುವೆ ‘ಹೊರಗಿನ ಲೋಕಕ್ಕೆ ಕರೆದುಕೊಂಡು ಹೋಗುವವರು ಇವರು’ ಎಂದು ಆ ಹೊಸ ಕಂಪ್ಯೂಟರಿಗೆ ಹೇಳಿಕೊಟ್ಟವರು ಯಾರು?

ಉತ್ತರ ಬೇಕೆಂದರೆ ಬನ್ನಿ, ಟಿನ್ ಫ್ಯಾಕ್ಟರಿಗೆ ಹೋಗೋಣ.

ಬೆಂಗಳೂರಿನ ಪೂರ್ವದಲ್ಲಿ ಹಳೇ ಮದ್ರಾಸ್ ರಸ್ತೆಗೆ ಹೊರ ವರ್ತುಲ ರಸ್ತೆ ಬಂದು ಕೂಡುತ್ತದಲ್ಲ, ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ, ಅಲ್ಲಿದೆ ಈ ಸ್ಟಾಪು. ಹೆಸರು ಕೇಳಿ ಡಬ್ಬ ಕೊಳ್ಳಲು ಹೋದೀರಿ ಮತ್ತೆ! ಅಲ್ಲಿ ಸಿಗುವುದು ಬಸ್ಸು ಮತ್ತು ಟ್ರಾಫಿಕ್ಕು. ಮುಳಬಾಗಿಲು, ಕೋಲಾರ, ಹೊಸಕೋಟೆ ಕಡೆಯಿಂದ ಬಂದವರು ಅಲ್ಲಿ ಇಳಿಯುತ್ತಾರೆ. ಇಳಿದವರಲ್ಲಿ ಒಬ್ಬರಿಗೆ ಹೆಬ್ಬಾಳಕ್ಕೆ ಹೋಗಬೇಕು, ಇನ್ನೊಬ್ಬರಿಗೆ ಮಾರತ್‌ಹಳ್ಳಿಗೆ, ಮತ್ತೊಬ್ಬರಿಗೆ ಹಲಸೂರು ದಾಟಿ ಶಿವಾಜಿನಗರಕ್ಕೆ.

ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮಾವಿನಕಾಯಿ ಚೀಲ ಹಿಡಿದು ಮೊದಲ ಸಲ ಅಲ್ಲಿ ಇಳಿದವರಿಗೆ ಯಾವ ಬಸ್ಸು ಹತ್ತಬೇಕೆಂದು ಹೇಗೆ ಗೊತ್ತಾಗುತ್ತದೆ? ಮೂರು ದಾರಿ ಇದೆ.

ಒಂದು, ಊರಿಂದ ಹೊರಡುವಾಗಲೇ ಯಾರಾದರೂ ಚೀಟಿಯಲ್ಲಿ ಬರೆದುಕೊಟ್ಟಿರಬೇಕು.

ಎರಡು, ಸುಮ್ಮನೆ ನಿಂತು ಕಿವಿ ಕೊಡಬೇಕು. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ‘ಹೆಬ್ಬಾಳ, ಹೆಬ್ಬಾಳ, ಹೆಬ್ಬಾಳ!’ ಎಂದು ಕೂಗುತ್ತಾರೆ.

ಮೂರು, ತಾನೇ ಬಾಯಿಬಿಟ್ಟು ‘ಕಂಡಕ್ಟರೇ, ಹೆಬ್ಬಾಳಕ್ಕೆ ಹೋಗುತ್ತಾ?’ ಎಂದು ಕೇಳಬೇಕು.

ಕಂಪ್ಯೂಟರುಗಳಿಗೂ ಇರುವುದು ಇವೇ ಮೂರು ದಾರಿ. ಒಂದೊಂದಾಗಿ ನೋಡೋಣ.

ರೌಟರ್ ಎಂದರೆ ಯಾರು?

ನಿಮ್ಮ ಮನೆಯ ಕಂಪ್ಯೂಟರು, ಫೋನು, ಟಿ.ವಿ. ಎಲ್ಲವೂ ಒಂದೇ ಬೀದಿಯ ಮನೆಗಳು ಎಂದುಕೊಳ್ಳಿ. ಬೀದಿಯ ಒಳಗೆ ಯಾರು ಯಾರ ಬಾಗಿಲನ್ನಾದರೂ ತಟ್ಟಬಹುದು. ಆದರೆ ಬೀದಿ ಬಿಟ್ಟು ಹೊರಗೆ ಹೋಗಬೇಕೆಂದರೆ ಎರಡು ಬೀದಿಗಳಲ್ಲೂ ಒಂದೊಂದು ಕಾಲಿಟ್ಟು ನಿಂತವರ ಸಹಾಯ ಬೇಕು. ಹಾಗೆ ನಿಂತು ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ದಾಟಿಸುವ ಯಂತ್ರವೇ ರೌಟರ್. ನಿಮ್ಮ ಮನೆಯ ಗೋಡೆಯ ಮೇಲೆ ದೀಪ ಮಿಣುಕಿಸುತ್ತಾ ಕೂತಿರುವ ವೈ-ಫೈ ಪೆಟ್ಟಿಗೆಯ ಒಳಗೆ ಇರುವುದು ಇದೇ.

ಒಂದು ಮುಖ್ಯ ವಿಷಯ ನೆನಪಿಡಿ. ಕಂಪ್ಯೂಟರಿಗೆ ಜಗತ್ತಿನ ದಾರಿಯೆಲ್ಲ ಗೊತ್ತಿರಬೇಕಾಗಿಲ್ಲ. ಹೆಬ್ಬಾಳದ ಬಸ್ಸು ಹತ್ತಿದವರಿಗೆ ನಡುವಿನ ತಿರುವುಗಳೆಲ್ಲ ಗೊತ್ತಿರಬೇಕೆ? ಬೇಡ, ಅದು ಡ್ರೈವರ ಕೆಲಸ. ಹಾಗೆಯೇ ಕಂಪ್ಯೂಟರಿಗೆ ತನ್ನ ಬೀದಿಯ ರೌಟರ್ ಒಂದು ಗೊತ್ತಿದ್ದರೆ ಸಾಕು. ಆ ರೌಟರಿಗೆ ಮುಂದಿನ ರೌಟರ್ ಗೊತ್ತು, ಅದಕ್ಕೆ ಅದರ ಮುಂದಿನದು. ಹೀಗೆ ಕೈಯಿಂದ ಕೈಗೆ ದಾಟುತ್ತಾ ನಿಮ್ಮ ಸಂದೇಶ ಅಮೆರಿಕದ ಚಿಕ್ಕಮ್ಮನ ಮನೆಯವರೆಗೂ ಹೋಗುತ್ತದೆ. ಈ ಮೊದಲ ಬಾಗಿಲಿಗೆ ಕಂಪ್ಯೂಟರಿನವರು ಇಟ್ಟ ಹೆಸರು ‘ಡೀಫಾಲ್ಟ್ ಗೇಟ್‌ವೇ’. ಬೇರೆ ದಾರಿ ತಿಳಿಯದಿದ್ದಾಗ ಹಿಡಿಯುವ ಬಾಗಿಲು ಎಂದು ಅರ್ಥ. ಆ ಮೊದಲ ಬಾಗಿಲು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಚೀಟಿಯ ಕಾಲ

ಇದು ಅಜ್ಜ ಅಜ್ಜಿಯರಿಗೆ ಬೇಗ ತಿಳಿಯುವ ಭಾಗ. ಟಿನ್ ಫ್ಯಾಕ್ಟರಿಯಿಂದ ಸ್ವಲ್ಪ ಮುಂದೆ ಹೋದರೆ ದೂರವಾಣಿನಗರ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐ.ಟಿ.ಐ. ಕಾರ್ಖಾನೆಯಿಂದಲೇ ಆ ಊರಿಗೆ ಆ ಹೆಸರು. ಬೆರಳು ತೂರಿಸಿ ತಿರುಗಿಸುವ ಕಪ್ಪು ಫೋನುಗಳನ್ನು ನೆನಪಿಸಿಕೊಳ್ಳಿ, ಅವನ್ನು ತಯಾರಿಸುತ್ತಿದ್ದುದು ಅಲ್ಲಿ. ಅದಕ್ಕೂ ಹಿಂದಿನ ಪದ್ಧತಿಯಲ್ಲಿ ಫೋನ್ ಎತ್ತಿದರೆ ಎಕ್ಸ್‌ಚೇಂಜಿನ ಆಪರೇಟರ್ ಮಾತಾಡುತ್ತಿದ್ದರು. ಯಾರು ಬೇಕು ಎಂದು ಕೇಳಿ ತಮ್ಮ ಕೈಯಾರೆ ತಂತಿ ಚುಚ್ಚಿ ಸೇರಿಸುತ್ತಿದ್ದರು. ಆಮೇಲೆ ನಂಬರ್ ತಿರುಗಿಸಿದರೆ ತಾನಾಗಿಯೇ ಸೇರಿಸುವ ಎಕ್ಸ್‌ಚೇಂಜುಗಳು ಬಂದವು. ಐ.ಟಿ.ಐ. ಅವನ್ನೂ ತಯಾರಿಸಿತು.

ಕಂಪ್ಯೂಟರುಗಳ ಕತೆಯೂ ಹೀಗೆಯೇ. 1986ರಲ್ಲಿ ನಮ್ಮ ದೇಶದ ಎಂಟು ಸಂಸ್ಥೆಗಳನ್ನು ಕಂಪ್ಯೂಟರ್ ಜಾಲದಲ್ಲಿ ಜೋಡಿಸುವ ಅರ್ನೆಟ್ ಎಂಬ ಯೋಜನೆ ಶುರುವಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆ ಎಂಟರಲ್ಲಿ ಒಂದು. ಜಗತ್ತಿನಲ್ಲಿ ಆ ಕಾಲಕ್ಕೆ ಕಂಪ್ಯೂಟರಿಗೆ ರೌಟರಿನ ವಿಳಾಸ ತಿಳಿಸುವ ಸಾಮಾನ್ಯ ಉಪಾಯ ಚೀಟಿ. ಒಬ್ಬರು ಕುಳಿತು ಪ್ರತಿ ಕಂಪ್ಯೂಟರಿನಲ್ಲೂ ಆ ಸಂಖ್ಯೆಯನ್ನು ಟೈಪು ಮಾಡಿ ಇಡಬೇಕಿತ್ತು.

ಚೀಟಿಯ ತೊಂದರೆ ಏನು? ಅದು ಹಳತಾಗುತ್ತದೆ. 2023ರ ಬೇಸಿಗೆಯಲ್ಲಿ ವೈಟ್‌ಫೀಲ್ಡಿನಿಂದ ಬರುವ ನೇರಳೆ ಮೆಟ್ರೊ ಕೆ.ಆರ್. ಪುರಕ್ಕೆ ನಿಂತುಬಿಡುತ್ತಿತ್ತು. ಅಲ್ಲಿ ಇಳಿದು, ಬಸ್ಸು ಹಿಡಿದು ಬೈಯಪ್ಪನಹಳ್ಳಿಗೆ ಬಂದು, ಮತ್ತೆ ಮೆಟ್ರೊ ಹತ್ತಬೇಕಿತ್ತು. ಆಗ ಬರೆದ ಚೀಟಿಯಲ್ಲಿ ‘ಕೆ.ಆರ್. ಪುರದಲ್ಲಿ ಇಳಿದು ಬಸ್ಸು ಹಿಡಿ’ ಎಂದಿರುತ್ತದೆ. 2023ರ ಅಕ್ಟೋಬರಿನಲ್ಲಿ ನಡುವಿನ ದಾರಿ ತೆರೆಯಿತು, ಬೆನ್ನಿಗಾನಹಳ್ಳಿ ನಿಲ್ದಾಣವೂ ಶುರುವಾಯಿತು. ಆ ಚೀಟಿಯನ್ನೇ ನಂಬಿ ಹೊರಟವರು ಸುಮ್ಮನೆ ಇಳಿದು ಬಿಸಿಲಲ್ಲಿ ನಿಂತಂತೆ! ಕಂಪ್ಯೂಟರಿನದೂ ಅಷ್ಟೇ. ರೌಟರ್ ಕೆಟ್ಟು ಬೇರೆಯದು ಬಂದರೂ ಚೀಟಿಗೆ ಅದು ಗೊತ್ತಾಗುವುದಿಲ್ಲ. ಬಾರದ ಬಸ್ಸಿಗೆ ಕಾದಂತೆ ಕಂಪ್ಯೂಟರ್ ಕಾಯುತ್ತಲೇ ಇರುತ್ತದೆ. ನೂರು ಕಂಪ್ಯೂಟರ್ ಇದ್ದರೆ ನೂರು ಚೀಟಿ ತಿದ್ದಬೇಕು.

ಕೂಗು ಮತ್ತು ಕೇಳಿಕೆ

1991ರ ಸೆಪ್ಟೆಂಬರಿನಲ್ಲಿ ಒಂದು ನಿಯಮಾವಳಿ ಬಂತು. ಸಂಪಾದಿಸಿದವರು ಸ್ಟೀವ್ ಡೀರಿಂಗ್, ಆಗ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದವರು. ಅದರಲ್ಲಿ ಇರುವುದು ಎರಡೇ ಎರಡು ಸಂದೇಶ.

ಮೊದಲನೆಯದು ರೌಟರಿನ ಕೂಗು: ‘ನಾನಿಲ್ಲಿದ್ದೇನೆ, ಹೊರಗೆ ಹೋಗುವವರು ನನ್ನ ಹತ್ತಿರ ಬನ್ನಿ.’ ಬೇರೆ ಏನೂ ಹೇಳದಿದ್ದರೆ ರೌಟರ್ ಇದನ್ನು ಏಳೂವರೆಯಿಂದ 10 ನಿಮಿಷಕ್ಕೊಮ್ಮೆ ಕೂಗುತ್ತದೆ. ಜೊತೆಗೆ ‘ನನ್ನ ಮಾತು 30 ನಿಮಿಷದವರೆಗೆ ನಂಬಬಹುದು’ ಎಂದೂ ಸೇರಿಸುತ್ತದೆ. ಅರ್ಧ ಗಂಟೆಯಲ್ಲಿ ಮತ್ತೆ ಕೂಗು ಕೇಳಿದರೆ ಲೆಕ್ಕ ಹೊಸದಾಗಿ ಶುರು. ಕೇಳದಿದ್ದರೆ ಕಂಪ್ಯೂಟರ್ ಆ ಹೆಸರನ್ನು ಹೊಡೆದುಹಾಕುತ್ತದೆ. ಚೀಟಿಗೆ ಇಲ್ಲದ ಜಾಣತನ ಇದು. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ಇರುವಂತೆ ಮಾತಿನ ಮೇಲೂ ಒಂದು ಗಡುವು.

ಎರಡನೆಯದು ಕಂಪ್ಯೂಟರಿನ ಕೇಳಿಕೆ. ಈಗಷ್ಟೇ ಬಸ್ಸಿಳಿದವರು ಮುಂದಿನ ಕೂಗಿಗಾಗಿ ಹತ್ತು ನಿಮಿಷ ಕಾಯಬೇಕೇ? ಬೇಡ, ತಾವೇ ಕೇಳಬಹುದು: ‘ಇಲ್ಲಿ ರೌಟರ್ ಯಾರಾದರೂ ಇದ್ದೀರಾ?’ ಈ ಕೇಳಿಕೆ ರೌಟರುಗಳನ್ನು ಉದ್ದೇಶಿಸಿದ್ದು. ‘ಕಂಡಕ್ಟರೇ’ ಎಂದು ಕರೆದರೆ ಸ್ಟಾಪಿನಲ್ಲಿರುವ ಕಂಡಕ್ಟರುಗಳು ಮಾತ್ರ ತಿರುಗಿ ನೋಡುತ್ತಾರಲ್ಲ, ಹೂ ಮಾರುವವರು ನೋಡುವುದಿಲ್ಲವಲ್ಲ, ಹಾಗೆ. ಮೂರು ಸಲ ಕೇಳಿಯೂ ಉತ್ತರ ಬರದಿದ್ದರೆ ಕಂಪ್ಯೂಟರ್ ಕೇಳುವುದನ್ನು ನಿಲ್ಲಿಸಿ ಕಿವಿಗೊಟ್ಟು ಕೂರುತ್ತದೆ. ಹಟ ಮಾಡುವುದಿಲ್ಲ.

ಆದರೆ ಆಗ ಹೆಚ್ಚು ಜನಪ್ರಿಯವಾದದ್ದು ಇನ್ನೊಂದು ಪದ್ಧತಿ, ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಂಥದ್ದು. 1993ರಲ್ಲಿ ಬಂದ ಇದರ ಹೆಸರು ಡಿ.ಎಚ್.ಸಿ.ಪಿ. ಇಂದಿಗೂ ಬಹಳಷ್ಟು ಮನೆಗಳ ವೈ-ಫೈನಲ್ಲಿ ನಡೆಯುವ ಮಾತುಕತೆ ಇದೇ:

‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ ಸ್ವಾಮಿ?’
‘ನಾನಿದ್ದೇನೆ. ಈ ನಂಬರ್ ಖಾಲಿ ಇದೆ, ಬೇಕೇನಪ್ಪಾ?’
‘ಅದನ್ನೇ ಕೊಡಿ.’
‘ತಗೋ. ಇಷ್ಟು ಗಂಟೆ ಇದು ನಿನ್ನದು. ಹೊರಗೆ ಹೋಗುವ ಬಾಗಿಲು ಇಂಥ ಕಡೆ ಇದೆ.’

ಲೈಬ್ರರಿ ಪುಸ್ತಕದ ಹಾಗೆ, ಅವಧಿ ಮುಗಿಯುವ ಮೊದಲು ಕಂಪ್ಯೂಟರ್ ಅದನ್ನು ನವೀಕರಿಸಿಕೊಳ್ಳಬೇಕು.

ಕಂಡಕ್ಟರ್ ಕೂಗು ಮತ್ತೆ ಬಂತು

ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಕೇಳಿದರೆ ಬಹಳ ಎನಿಸುತ್ತದೆ. ಆದರೆ ಭೂಮಿಯ ಮೇಲೆ ಅದಕ್ಕಿಂತ ಹೆಚ್ಚು ಜನರಿದ್ದಾರೆ, ಒಬ್ಬೊಬ್ಬರ ಹತ್ತಿರ ಎರಡು ಮೂರು ಯಂತ್ರ! ಜಗತ್ತಿಗೆ ವಿಳಾಸ ಹಂಚುವ ಕೇಂದ್ರ ಉಗ್ರಾಣ 2011ರ ಫೆಬ್ರುವರಿಯಲ್ಲಿ ಖಾಲಿಯಾಯಿತು. ಇದನ್ನು ಮೊದಲೇ ಊಹಿಸಿದವರು 1990ರ ದಶಕದಲ್ಲೇ ಹೊಸ ಪದ್ಧತಿ ರೂಪಿಸಿದ್ದರು. ಅದು ಐ.ಪಿ. ಆರನೇ ಆವೃತ್ತಿ. ಸ್ಟೀವ್ ಡೀರಿಂಗ್ ಇದರ ಮುಖ್ಯ ಶಿಲ್ಪಿಗಳಲ್ಲೊಬ್ಬರು. ಇದರಲ್ಲಿರುವ ವಿಳಾಸಗಳನ್ನು ಬರೆಯಬೇಕಾದರೆ 340 ಎಂದು ಬರೆದು ಮುಂದೆ 36 ಸೊನ್ನೆ ಇಡಬೇಕು. ಬೇಕಾದರೆ ನೋಟ್‌ಬುಕ್ಕಿನಲ್ಲಿ ಬರೆದು ನೋಡಿ.

ಈ ಹೊಸ ಪದ್ಧತಿಯಲ್ಲಿ ಕಂಡಕ್ಟರ್ ಕೂಗು ಮತ್ತೆ ಬಂತು, ಈ ಸಲ ರಾಜಮರ್ಯಾದೆಯೊಂದಿಗೆ. ರೌಟರ್ ತನ್ನ ಕೂಗಿನಲ್ಲಿ ‘ನಾನಿದ್ದೇನೆ’ ಎನ್ನುವುದರ ಜೊತೆಗೆ ‘ಈ ಬೀದಿಯ ಹೆಸರು ಇದು’ ಎಂದೂ ಹೇಳಬಲ್ಲದು. ಬೀದಿಯ ಹೆಸರು ಗೊತ್ತಾದ ಮೇಲೆ ಕಂಪ್ಯೂಟರ್ ಮನೆ ನಂಬರನ್ನು ತಾನೇ ಆರಿಸಿಕೊಳ್ಳುತ್ತದೆ. ಆರಿಸಿ ಸುಮ್ಮನಿರುವುದಿಲ್ಲ. ‘ಈ ನಂಬರಿನವರು ಇಲ್ಲಿ ಮೊದಲೇ ಯಾರಾದರೂ ಇದ್ದೀರಾ?’ ಎಂದು ಬೀದಿಗೆ ಕೇಳುತ್ತದೆ. ಯಾರೂ ಓಗೊಡದಿದ್ದರೆ ಮಾತ್ರ ಬೋರ್ಡು ತೂಗುಹಾಕುತ್ತದೆ. ಖಾಲಿ ಸೀಟು ಕಂಡರೂ ‘ಇಲ್ಲಿ ಯಾರಾದರೂ ಇದ್ದಾರಾ?’ ಎಂದು ಕೇಳಿ ಕೂರುವ ನಮ್ಮ ಹಳೆಯ ರೂಢಿ ಇದೇ ಅಲ್ಲವೇ?

ಇಂದು ಭಾರತದಲ್ಲಿ ಇಂಟರ್ನೆಟ್ ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಹೊಸ ಪದ್ಧತಿ ಸಿಕ್ಕಿದೆ. ಅದಕ್ಕೆ ದೊಡ್ಡ ಕಾರಣ ಮೊಬೈಲು. ಹಾಗಾಗಿ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾಯುತ್ತಿರುವ ಅಜ್ಜಿಯ ಕೈಚೀಲದೊಳಗಿನ ಫೋನು ಕೂಡ ಮೊಬೈಲ್ ಕಂಪನಿಯ ರೌಟರಿನ ಕೂಗು ಕೇಳಿಸಿಕೊಂಡಿರಬಹುದು. ಹೊರಗೆ ಒಬ್ಬ ಕಂಡಕ್ಟರ್, ಚೀಲದೊಳಗೆ ಇನ್ನೊಬ್ಬ!

ಕರೆಂಟ್ ಹೋಗಿ ಬಂದಾಗ

ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ 40 ಕಂಪ್ಯೂಟರ್ ಇವೆ ಎಂದುಕೊಳ್ಳಿ. ಕರೆಂಟ್ ಹೋಯಿತು, ಬಂತು. ನಲವತ್ತೂ ಒಟ್ಟಿಗೆ ಎದ್ದು ಒಟ್ಟಿಗೆ ‘ರೌಟರ್ ಯಾರು?’ ಎಂದು ಕಿರುಚಿದರೆ? ಟೀಚರ್ ಪ್ರಶ್ನೆ ಕೇಳಿದಾಗ ಇಡೀ ತರಗತಿ ಒಮ್ಮೆಲೇ ‘ನಾನು ಮಿಸ್, ನಾನು ಮಿಸ್’ ಎಂದಂತಾಗುತ್ತದೆ.

ಅದಕ್ಕೊಂದು ಸೊಗಸಾದ ನಿಯಮವಿದೆ. ಕೇಳುವ ಮುನ್ನ ಪ್ರತಿ ಕಂಪ್ಯೂಟರೂ ಚೀಟಿ ಎತ್ತಿದ ಹಾಗೆ ಒಂದು ಕಾಲವನ್ನು ಆರಿಸಿಕೊಂಡು ಅಷ್ಟು ಹೊತ್ತು ಸುಮ್ಮನಿರಬೇಕು. ಹೆಚ್ಚೆಂದರೆ ಒಂದು ಸೆಕೆಂಡು, ಅಷ್ಟೇ. ಒಂದು ಕಂಪ್ಯೂಟರಿಗೆ ಅರ್ಧ ಸೆಕೆಂಡು ಬಂದರೆ ಇನ್ನೊಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬರಬಹುದು. ಹೀಗೆ ಗದ್ದಲ ಹರಡಿಹೋಗುತ್ತದೆ. ರೌಟರ್ ಕೂಡ ಉತ್ತರ ಕೊಡುವ ಮೊದಲು ಅರ್ಧ ಸೆಕೆಂಡಿನೊಳಗೆ ಇಂಥದೇ ಒಂದು ವಿರಾಮ ತೆಗೆದುಕೊಳ್ಳುತ್ತದೆ. ಆಮೇಲೆ ಎಲ್ಲರಿಗೂ ಕೇಳುವಂತೆ ಒಂದೇ ಕೂಗು ಹಾಕಬಹುದು. ಮೊದಲು ಕೇಳಿದ ಕಂಪ್ಯೂಟರಿಗೆ ಸಿಕ್ಕ ಉತ್ತರ ಉಳಿದವರ ಕಿವಿಗೂ ಬೀಳುತ್ತದೆ. ಸ್ವಲ್ಪ ತಾಳಿದರೆ ಎಲ್ಲರಿಗೂ ಬೇಗ ಕೆಲಸವಾಗುತ್ತದೆ ಎಂಬುದನ್ನು ಯಂತ್ರಗಳಿಗೆ ಕಲಿಸಿದ್ದೇವೆ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಹಾರ್ನ್ ಒತ್ತುವವರಿಗೆ ಕಲಿಸುವುದು ಬಾಕಿ ಇದೆ.

ಸುಳ್ಳು ಕಂಡಕ್ಟರ್

ಇನ್ನು ಗಮನವಿಟ್ಟು ಓದಬೇಕಾದ ಭಾಗ. ಅಜ್ಜ ಅಜ್ಜಿಯರೂ ಕನ್ನಡಕ ಸರಿಮಾಡಿಕೊಳ್ಳಿ.

ಕೂಗನ್ನು ಯಾರು ಬೇಕಾದರೂ ಕೂಗಬಹುದಲ್ಲ! ಬಸ್ಸೇ ಇಲ್ಲದ ಒಬ್ಬ ‘ಹೆಬ್ಬಾಳ, ಹೆಬ್ಬಾಳ, ಬನ್ನಿ ನನ್ನ ಜೊತೆ’ ಎಂದರೆ? ಕಂಪ್ಯೂಟರ್ ಜಾಲದಲ್ಲೂ ಇದು ನಿಜವಾಗಿ ನಡೆದಿದೆ. ಇದೇ ಸಮಸ್ಯೆಯನ್ನು ವಿವರಿಸುವ ದಸ್ತಾವೇಜೊಂದು 2011ರಲ್ಲಿ ಪ್ರಕಟವಾಯಿತು. ಸುಳ್ಳು ಕೂಗು ಹಾಕುವವರೆಲ್ಲ ಕಳ್ಳರಲ್ಲ ಎಂಬುದು ಅದರಲ್ಲಿನ ಸ್ವಾರಸ್ಯ. ಜಾಲ ನೋಡಿಕೊಳ್ಳುವವರ ಕೈತಪ್ಪಿನಿಂದಲೂ ಹೀಗಾಗುತ್ತದೆ. ಯಾರೋ ಒಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ‘ಇಂಟರ್ನೆಟ್ ಹಂಚಿಕೊಳ್ಳಿ’ ಎಂಬ ಗುಂಡಿ ಒತ್ತಿರುತ್ತಾರೆ, ಆ ಲ್ಯಾಪ್‌ಟಾಪು ತಾನೇ ರೌಟರ್ ಎಂದು ಕೂಗತೊಡಗುತ್ತದೆ. ಪಾಪ, ಅವರಿಗೆ ಗೊತ್ತೇ ಇರುವುದಿಲ್ಲ. ಅಕ್ಕಪಕ್ಕದ ಕಂಪ್ಯೂಟರುಗಳು ನಂಬಿ ಹೋಗಿ ದಾರಿ ತಪ್ಪುತ್ತವೆ. ಬೇಕೆಂದೇ ಮೋಸ ಮಾಡುವವರು ಮೂರನೆಯ ಗುಂಪು.

ಇದಕ್ಕೆ ಕಾವಲು ಇದೆ. ಹೊಸ ಪದ್ಧತಿಯಲ್ಲಿ ಪ್ರತಿ ಕೂಗಿನ ಮೇಲೂ 255 ಎಂಬ ಸಂಖ್ಯೆ ಬರೆದಿರಬೇಕು. ಸಂದೇಶವೊಂದು ರೌಟರ್ ದಾಟಿದಾಗಲೆಲ್ಲ ಆ ಸಂಖ್ಯೆಯಿಂದ ಒಂದು ಕಳೆಯುತ್ತದೆ. 255ಕ್ಕಿಂತ ದೊಡ್ಡದನ್ನು ಬರೆಯಲು ಆ ಜಾಗದಲ್ಲಿ ಸಾಧ್ಯವಿಲ್ಲ. ಹಾಗಾದರೆ ಕೈಗೆ ಬಂದ ಕೂಗಿನ ಮೇಲೆ 254 ಇದ್ದರೆ ಏನರ್ಥ? ಅದು ಬೇರೆ ಬೀದಿಯಿಂದ ಬಂದದ್ದು! ಕಂಪ್ಯೂಟರ್ ಅದನ್ನು ಓದದೆ ಎಸೆಯುತ್ತದೆ. ಬಾಲವಾಡಿ ಲೆಕ್ಕದಲ್ಲಿ ದೇಶಾಂತರದ ಕಳ್ಳರು ಹೊರಗುಳಿದರು.

ಒಳಗಿನವರಿಗೆ ಇನ್ನೊಂದು ಉಪಾಯ. ಕಚೇರಿ, ಕಾಲೇಜುಗಳಲ್ಲಿ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಪೆಟ್ಟಿಗೆ ಇರುತ್ತದೆ. ‘ರೌಟರಿನ ಕೂಗು ಈ ಒಂದು ತೂತಿನಿಂದ ಬಂದರೆ ಮಾತ್ರ ಬಿಡು, ಬೇರೆ ಕಡೆಯಿಂದ ಬಂದರೆ ತಡೆ’ ಎಂದು ಅದಕ್ಕೆ ಹೇಳಿಡಬಹುದು. ಬಸ್ ನಿಲ್ಲುವ ಜಾಗದಿಂದ ಬಂದ ಕೂಗನ್ನಷ್ಟೇ ನಂಬಿದಂತೆ.

ಆದರೆ ಯಾವುದೋ ಅಂಗಡಿಯ ಮುಂದೆ ಸಿಗುವ, ಪಾಸ್‌ವರ್ಡ್ ಇಲ್ಲದ ಪುಕ್ಕಟೆ ವೈ-ಫೈಗೆ ಇಂಥ ಕಾವಲು ಇದೆಯೋ ಇಲ್ಲವೋ ನಮಗೆ ಹೇಗೆ ತಿಳಿಯಬೇಕು? ಸುಳ್ಳು ರೌಟರ್ ಏನು ಮಾಡಬಲ್ಲದು ಎಂದು ತಿಳಿದಿರಲಿ. ನೀವು ಯಾವ ಕಡೆ ಹೋಗುತ್ತಿದ್ದೀರಿ ಎಂದು ನೋಡಬಹುದು, ದಾರಿ ಮುಚ್ಚಬಹುದು, ಬ್ಯಾಂಕಿನಂತೆಯೇ ಕಾಣುವ ನಕಲಿ ಪುಟದತ್ತ ತಳ್ಳಲು ನೋಡಬಹುದು. ಆದರೆ ಬ್ಯಾಂಕಿನ ನಿಜವಾದ ಆ್ಯಪು ಕಳಿಸುವುದು ಬೀಗ ಹಾಕಿದ ಪೆಟ್ಟಿಗೆಯನ್ನು, ಹೊತ್ತೊಯ್ಯುವವರಿಗೆ ಅದನ್ನು ತೆರೆಯಲು ಬರುವುದಿಲ್ಲ. ಹಾಗಾಗಿ ಮೂರು ಮಾತು ನೆನಪಿಡಿ:

ಹಣದ ಕೆಲಸಕ್ಕೆ ಗೊತ್ತಿಲ್ಲದ ವೈ-ಫೈ ಬೇಡ, ಸಿಮ್ಮಿನ ಡೇಟಾ ಸಾಕು.
‘ಈ ಪುಟ ಸುರಕ್ಷಿತವಲ್ಲ’ ಎಂದು ಫೋನ್ ಎಚ್ಚರಿಸಿದರೆ ಅಲ್ಲೇ ನಿಲ್ಲಿ, ಮುಂದೆ ಒತ್ತಬೇಡಿ.
ಒ.ಟಿ.ಪಿ.ಯನ್ನು ಯಾರು ಕೇಳಿದರೂ ಹೇಳಬೇಡಿ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ.

ಮಕ್ಕಳೇ, ನಿಮಗೂ ಒಂದು ಮಾತು. ಜನಜಂಗುಳಿಯಲ್ಲಿ ಅಪ್ಪ ಅಮ್ಮನ ಕೈ ತಪ್ಪಿದರೆ ‘ಬಾ ಮರಿ, ನಾನು ಕರೆದುಕೊಂಡು ಹೋಗುತ್ತೇನೆ’ ಎಂದು ಮೊದಲು ಕೂಗಿದವರ ಹಿಂದೆ ಹೋಗಬೇಡಿ. ಇದ್ದಲ್ಲೇ ನಿಂತು, ಸಮವಸ್ತ್ರದಲ್ಲಿರುವ ಕಂಡಕ್ಟರನ್ನೋ ಪೊಲೀಸರನ್ನೋ ನೀವೇ ಕೇಳಿ. ಕೂಗಿದವರನ್ನು ನಂಬುವುದಕ್ಕಿಂತ ನೋಡಿ ಆರಿಸಿ ಕೇಳುವುದು ಒಳ್ಳೆಯದು.

ಈ ವಾರ ಮಾಡಿ ನೋಡಿ

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮನೆಯ ವೈ-ಫೈ ಹೆಸರನ್ನು ಒತ್ತಿ ವಿವರ ನೋಡಿ. ‘ಗೇಟ್‌ವೇ’ ಅಥವಾ ‘ರೌಟರ್’ ಎಂಬುದರ ಎದುರು ಒಂದು ಸಂಖ್ಯೆ ಇರುತ್ತದೆ, ಬಹುಶಃ 192.168 ಎಂದು ಶುರುವಾಗುವುದು. ಅಜ್ಜಿಯ ಫೋನಿನಲ್ಲೂ ಅಪ್ಪನ ಫೋನಿನಲ್ಲೂ ಅದು ಒಂದೇ ಇದೆಯೇ? ಏಕೆ ಎಂದು ಈಗ ನೀವೇ ಅಜ್ಜಿಗೆ ವಿವರಿಸಿ.

2. ಕತ್ತಲೆ ಬೀದಿ ಆಟ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಅವರು ಕಂಪ್ಯೂಟರ್. ಅಜ್ಜ ಕೋಣೆಯ ಒಂದು ಮೂಲೆಯಲ್ಲಿ ನಿಂತು ಆಗಾಗ ‘ನಾನು ರೌಟರ್’ ಎನ್ನಲಿ. ಕಂಪ್ಯೂಟರ್ ಕೇಳಬಹುದು, ಆದರೆ ಮೂರೇ ಸಲ. ಅಜ್ಜನನ್ನು ಮುಟ್ಟಿದರೆ ಗೆಲುವು. ಎರಡನೇ ಸುತ್ತಿನಲ್ಲಿ ತಮ್ಮನೂ ಇನ್ನೊಂದು ಮೂಲೆಯಿಂದ ಅಜ್ಜನ ದನಿಯಲ್ಲಿ ಕೂಗಲಿ. ಆಗ ಗೊತ್ತಾಗುತ್ತದೆ ಕಂಪ್ಯೂಟರಿನ ಕಷ್ಟ!

3. ಮೂರನೇ ಸುತ್ತಿಗೆ ಮೊದಲು ಅಜ್ಜನೂ ಕಂಪ್ಯೂಟರೂ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಳ್ಳಲಿ. ‘ಗುಟ್ಟು ಹೇಳು’ ಎಂದು ಕಿವಿ ಒಡ್ಡಿದರೆ ತಮ್ಮನ ಬಣ್ಣ ಬಯಲು. ರೌಟರಿನ ಕೂಗಿಗೂ ಇಂಥ ಗುಟ್ಟಿನ ಮುದ್ರೆ ಒತ್ತುವ ಪದ್ಧತಿಯನ್ನು 2005ರಲ್ಲಿ ರೂಪಿಸಿದ್ದಾರೆ.

ಆಟ ಮುಗಿದ ಮೇಲೆ ಆ ಗುಟ್ಟಿನ ಮಾತನ್ನು ಮರೆಯಬೇಡಿ. ಮನೆಮಂದಿಯೆಲ್ಲ ಕೂತು ಅದನ್ನು ನಿಮ್ಮ ಮನೆಯ ಗುರುತಾಗಿ ಇಟ್ಟುಕೊಳ್ಳಿ. ಶಾಲೆಯ ಗೇಟಿನ ಹತ್ತಿರ ‘ನಿಮ್ಮಪ್ಪ ಕಳಿಸಿದ್ದಾರೆ, ಬಾ’ ಎಂದು ಗುರುತಿಲ್ಲದವರು ಬಂದರೆ ಮಗು ಅದನ್ನು ಕೇಳಲಿ. ‘ಅಜ್ಜೀ, ನಾನು ನಿಮ್ಮ ಮೊಮ್ಮಗ, ಆಸ್ಪತ್ರೆಯಲ್ಲಿದ್ದೇನೆ, ತಕ್ಷಣ ದುಡ್ಡು ಕಳಿಸಿ’ ಎಂದು ಫೋನ್ ಬಂದರೆ ಅಜ್ಜಿಯೂ ಅದನ್ನೇ ಕೇಳಲಿ. ದನಿಯನ್ನು ನಕಲು ಮಾಡಬಹುದು, ನಿಮ್ಮ ಮನೆಯ ಗುಟ್ಟನ್ನಲ್ಲ.

ಮುಂದಿನ ವಾರ: ಹೆಸರು ಹೇಳಿದರೆ ಸಾಕು, ಕಂಪ್ಯೂಟರಿಗೆ ಅದರ ನಂಬರ್ ಹುಡುಕಿಕೊಡುವವರು ಯಾರು?